ಇಂಗ್ಲೀಷಿನ ‘ಅವನ’ಲ್ಲಿ ‘ಅವಳು’ ಇರುವಳೆ?

ಇಂಗ್ಲೀಷು ವ್ಯಾಕರಣವನ್ನು ಕಲಿಯುವ ಮಕ್ಕಳಿಗೆ ಬಹುಕಾಲದಿಂದ ಹೇಳಿಕೊಡುತ್ತ ಬಂದ ನಿಯಮವೊಂದುಂಟು. ಗಂಡೋ ಹೆಣ್ಣೋ ಎಂದು ಗೊತ್ತಿಲ್ಲದ ಒಬ್ಬ ವ್ಯಕ್ತಿಯ ವಿಷಯವಾಗಿ ಬರೆಯಬೇಕಾದಾಗ ‘ಹಿ’, ಎಂದರೆ ‘ಅವನು’, ಎಂದು ಬರೆಯತಕ್ಕದ್ದು. ಆ ‘ಅವನು’ ಎಂಬುದರಲ್ಲಿ ‘ಅವಳು’ ಎಂಬುದೂ ಅಡಗಿರುತ್ತದೆ. ಹಾಗೆಯೇ ‘ಮ್ಯಾನ್’ ಎಂಬ ಶಬ್ದಕ್ಕೆ ಗಂಡಸು ಎಂಬ ಅರ್ಥವಲ್ಲದೆ ಮನುಷ್ಯಜಾತಿ ಎಂಬ ಅರ್ಥವೂ ಉಂಟೆಂದು ಹೇಳುವರು. ಈ ಕಾಲದಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಓದುವ ತರುಣ ತರುಣಿಯರಲ್ಲಿ ಅನೇಕರು ಈ ನಿಯಮವನ್ನು ಒಪ್ಪುವುದಿಲ್ಲ. ಅದು ಸ್ತ್ರೀಯರನ್ನು ಮರೆಮಾಡುವ ಪಕ್ಷಪಾತದ ನುಡಿಯೆಂದು ಅವರ ಆಕ್ಷೇಪಣೆ. ಮನೆಯ ಹಿರಿಯರಿಗೆ ಇದೊಂದು ಹೊಸ ಹಟವಾಗಿ ತೋರಿದರೆ ಆಶ್ಚರ್ಯವಿಲ್ಲ. ಮಾತಿನಲ್ಲೇನಿದೆ, ಅರ್ಥವಾದರೆ ಸಾಲದೆ ಎಂದು ಅವರು ಕೇಳುವರು. ಆದುದರಿಂದ ಈ ನಿಯಮದ ಪೂರ್ವಕಥೆಯನ್ನೂ, ವಿದ್ಯಾರ್ಥಿಗಳನ್ನೇ ಮುಂದಿಟ್ಟುಕೊಂಡು ನಡೆಸಿದ ಕೆಲವು ಪರೀಕ್ಷೆಗಳ ಫಲವನ್ನೂ ವಾಚಕರಿಗೆ ನಿವೇದಿಸಬೇಕೆಂದು ಬಗೆದಿದ್ದೇವೆ.

ಪ್ರಾಚೀನ ಇಂಗ್ಲೀಷಿನಲ್ಲಿ ‘ಮನ್’ ಎಂದರೆ ಮನುಷ್ಯ ಎಂದೇ ಅರ್ಥವಾಗಿದ್ದಿತು. ಗಂಡಸನ್ನು ಬೇರೆಯಾಗಿ ಹೇಳಬೇಕಾದಾಗ ‘ವೆರ್’ ಎಂದೂ, ಹೆಂಗಸನ್ನು ‘ವೀಫ್’ ಎಂದೂ ಕರೆಯುತ್ತಿದ್ದರು. ‘ವೀಫ್‌ಮನ್’ ಎಂಬ ಜೋಡುನುಡಿಯೇ ಸವೆದು ಇಂದಿನ ‘ವುಮನ್’ ಆಯಿತು. ಕಾಲಕ್ರಮದಲ್ಲಿ ‘ವೆರ್’ ಎಂಬುದು ಬಳಕೆಯಿಂದ ಬಿದ್ದುಹೋಗಿ, ಮನುಷ್ಯರೆಲ್ಲರಿಗೂ ಸಲ್ಲುತ್ತಿದ್ದ ಹೆಸರನ್ನು ಗಂಡಸೇ ವಹಿಸಿಕೊಂಡನು. ಸರ್ವನಾಮದ ಸಂಗತಿಯೂ ವಿಚಿತ್ರವಾದುದು. ಒಬ್ಬರನ್ನೇ ಉದ್ದೇಶಿಸಿ ‘ದೆ’, ಎಂದರೆ ‘ಅವರು’, ಎನ್ನುವ ವಾಡಿಕೆ ೧೪ನೆಯ ಶತಮಾನದಿಂದಲೂ ಆ ಭಾಷೆಯಲ್ಲಿದೆ. ಷೇಕ್ಸ್‌ಪಿಯರನೂ ಜೇನ್ ಆಸ್ಟೆನ್ನಳೂ ಅದನ್ನು ಬಳಸಿದ್ದಾರೆ. ಅದು ತಪ್ಪು, ‘ಹಿ’ ಎಂಬುದೇ ಶುದ್ಧ ಎಂಬ ಕಟ್ಟುಪಾಡು ವೈಯಾಕರಣರಿಂದ ಆಮೇಲೆ ಬಂದುದು. ೧೮೫೦ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇದಕ್ಕೆ ಶಾಸನದ ಬಲವನ್ನೂ ಕೊಟ್ಟಿತು. ಬೇರೆ ಅಭಿಪ್ರಾಯ ಸ್ಪಷ್ಟವಾಗಿಲ್ಲದಿದ್ದರೆ ಶಾಸನಗಳಲ್ಲಿನ ಪುಲ್ಲಿಂಗ ಶಬ್ದಗಳಲ್ಲಿ ಸ್ತ್ರೀಯರೂ ಸೇರಿದ್ದಾರೆಂದು ತಿಳಿಯಬೇಕೆಂಬುದು ಅದರ ತಾತ್ಪರ್ಯ. ನಮ್ಮ ದೇಶದ ೧೮೯೭ರ ಜನರಲ್ ಕ್ಲಾಸಸ್ ಆಕ್ಟಿನ ೧೩ನೆಯ ಕಲಮೂ ಇದನ್ನೇ ಹೇಳುತ್ತದೆ.

ಹೀಗೆ ಕಾಗದದ ಮೇಲೆ ‘ಅವನು’ ಎಂಬಲ್ಲಿ ‘ಅವಳಿ’ಗೂ ಸ್ಥಳ ದೊರೆಯಿತು. ಆದರೆ ಆ ಸ್ಥಳವನ್ನು ಆಕೆ ಬೇಡಿದಾಗ ಏನಾಯಿತು? ಇಂಗ್ಲೆಂಡಿನ ೧೮೬೭ರ ಮತಾಧಿಕಾರದ ಶಾಸನದಲ್ಲಿ ‘ಮ್ಯಾನ್’ ಎಂಬ ಶಬ್ದವಿದ್ದಿತು. ಅದರ ಬದಲು ‘ಪರ್ಸನ್’, ಎಂದರೆ ವ್ಯಕ್ತಿ, ಎಂದು ಬರೆಯೋಣವೆಂದು ಜಾನ್ ಸ್ಟುಅರ್ಟ್ ಮಿಲ್ ಮಹಾಶಯನು ಪಾರ್ಲಿಮೆಂಟಿನಲ್ಲಿ ಸೂಚಿಸಿ ಸೋತನು. ಬಳಿಕ ಮ್ಯಾಂಚೆಸ್ಟರ್ ನಗರದ ಐದು ಸಾವಿರಕ್ಕೂ ಮೀರಿದ ಸ್ತ್ರೀಯರು, ‘ಮ್ಯಾನ್’ ಎಂಬುದರಲ್ಲಿ ತಾವೂ ಸೇರಿರುವೆವೆಂದು ಮತದಾರರ ಪಟ್ಟಿಯಲ್ಲಿ ಹೆಸರನ್ನು ಬೇಡಿದರು. ೧೮೬೮ರಲ್ಲಿ ನ್ಯಾಯಾಲಯವು ಆ ಬೇಡಿಕೆಯನ್ನು ತಳ್ಳಿಹಾಕಿತು. ತೆರಿಗೆಯನ್ನು ತೆರುವಲ್ಲಿ, ದಂಡಕ್ಕೆ ಗುರಿಯಾಗುವಲ್ಲಿ ಸ್ತ್ರೀಯು ಪುರುಷನೊಳಗೆ ಸೇರಿದವಳು. ಹಕ್ಕನ್ನು ಪಡೆಯುವಲ್ಲಿ ಮಾತ್ರ ಹೊರಗಿನವಳು!

ಇಂಥದೇ ಪ್ರಸಂಗ ನಮ್ಮ ದೇಶದಲ್ಲಿಯೂ ನಡೆಯಿತು. ಕಲ್ಕತ್ತೆಯಲ್ಲಿ ಕಾನೂನಿನ ಪದವಿ ಪಡೆದ ರೆಜೀನಾ ಗುಹ ಎಂಬ ಮಹಿಳೆಯು ವಕೀಲಿಯ ಪಟ್ಟಿಯಲ್ಲಿ ತನ್ನ ಹೆಸರನ್ನು ಸೇರಿಸಬೇಕೆಂದು ಅರ್ಜಿ ಸಲ್ಲಿಸಿದಳು. ಪುಲ್ಲಿಂಗದಲ್ಲಿ ಸ್ತ್ರೀಲಿಂಗವೂ ಅಡಗಿದೆಯೆಂಬ ನಿಯಮವು ಶಾಸನದಲ್ಲಿದ್ದರೂ, ೧೯೧೬ರಲ್ಲಿ ಅಲ್ಲಿನ ಹೈಕೋರ್ಟಿನ ಪೂರ್ಣಪೀಠವು ವಕೀಲರ ಶಾಸನದಲ್ಲಿನ ‘ಅವನು’ ಗಂಡಸೇ ಸರಿ ಎಂದು ನಿರ್ಣಯಿಸಿತು. ೧೯೨೧ರಲ್ಲಿ ಪಾಟ್ನಾ ನಗರದಲ್ಲಿ ಸುಧಾಂಶುಬಾಲಾ ಹಾಜ್ರಾ ಎಂಬುವಳಿಗೂ ಅದೇ ಉತ್ತರ ದೊರೆಯಿತು. ಸ್ತ್ರೀಯರು ವಕೀಲರಾಗಬಹುದೆಂದು ೧೯೨೩ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. ಓದು, ಪದವಿ, ಯೋಗ್ಯತೆ ಎಲ್ಲವೂ ಇದ್ದ ಹೆಣ್ಣುಮಗಳ ಜೀವನೋಪಾಯವು ಒಂದು ಸರ್ವನಾಮದ ಅರ್ಥದ ಮೇಲೆ ನಿಂತಿತ್ತೆಂದ ಮೇಲೆ, ಮಾತಿನಲ್ಲೇನಿದೆ ಎಂದು ಕೇಳುವುದು ಹೇಗೆ?

ಅದು ನ್ಯಾಯಾಲಯದ ಸಂಗತಿಯಾಯಿತು. ಓದುಗರ ಮನಸ್ಸಿನಲ್ಲಿ ‘ಅವನು’ ಯಾವ ಚಿತ್ರವನ್ನು ಮೂಡಿಸುತ್ತಾನೆ? ಅಮೆರಿಕದಲ್ಲಿ ಜಾನಿಸ್ ಮೌಲ್ಟನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ೧೯೭೮ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವಾಕ್ಯವನ್ನು ಕೊಟ್ಟು, ಅದಕ್ಕೊಪ್ಪುವ ವ್ಯಕ್ತಿಯೊಬ್ಬರನ್ನು ಕಲ್ಪಿಸಿ ಕಥೆ ಬರೆಯಿರೆಂದು ಹೇಳಿದರು. ಕೆಲವರ ಹಾಳೆಯಲ್ಲಿ ‘ಅವನ’ ಎಂದೂ, ಕೆಲವರದರಲ್ಲಿ ‘ಅವರ’ ಎಂದೂ, ಉಳಿದವರದರಲ್ಲಿ ‘ಅವನ ಅಥವಾ ಅವಳ’ ಎಂದೂ ಇದ್ದಿತು, ಮಿಕ್ಕುದೆಲ್ಲ ಒಂದೇ. ‘ಅವನ’ ಎಂದು ಓದಿದವರು ಬರೆದ ಕಥೆಗಳಲ್ಲಿ ನೂರಕ್ಕೆ ೩೫ರಲ್ಲಿ ಮಾತ್ರ ಹೆಣ್ಣು ಪಾತ್ರವಿದ್ದಿತು. ‘ಅವರ’ ಎಂದು ಓದಿದವರಲ್ಲಿ ಅದು ೪೬ಕ್ಕೂ, ‘ಅವನ ಅಥವಾ ಅವಳ’ ಎಂದು ಓದಿದವರಲ್ಲಿ ೫೬ಕ್ಕೂ ಏರಿತು. ಅದೇ ವರ್ಷ ವೆಂಡಿ ಮಾರ್ಟಿನಾ ಎಂಬ ವಿದುಷಿಯು ಅರ್ಧವಾಕ್ಯಗಳನ್ನು ಪೂರ್ತಿ ಮಾಡಿಸಿದ ಪರೀಕ್ಷೆಯೊಂದನ್ನು ಪ್ರಕಟಿಸಿದಳು. ಇಂಜಿನಿಯರನ್ನು ಕುರಿತ ವಾಕ್ಯವಾದರೆ ಬರೆದವರು ‘ಅವನು’ ಎಂದರು; ಕಛೇರಿಯ ಸೆಕ್ರೆಟರಿಯನ್ನು ಕುರಿತುದಾದರೆ ‘ಅವಳು’ ಎಂದರು. ‘ಅವನು’ ಎಂಬುದು ನಿಜವಾಗಿ ಎಲ್ಲರಿಗೂ ಸಲ್ಲುವ ಶಬ್ದವಾಗಿದ್ದರೆ ಸೆಕ್ರೆಟರಿಗೂ ಅದೇ ಸಾಲಬೇಕಾಗಿತ್ತಷ್ಟೆ!

ಇಲ್ಲಿ ಒಂದು ಒಗಟನ್ನು ವಾಚಕರು ತಮ್ಮ ಮನೆಯಲ್ಲಿಯೇ ಕೇಳಿನೋಡಬಹುದು. ತಂದೆಯೂ ಮಗನೂ ಕಾರಿನಲ್ಲಿ ಹೋಗುತ್ತಿರುವಾಗ ಅಪಘಾತವಾಗಿ ತಂದೆ ಸ್ಥಳದಲ್ಲಿಯೇ ತೀರಿಕೊಂಡರು. ಮಗನನ್ನು ಆಸ್ಪತ್ರೆಗೆ ಒಯ್ದಾಗ ಶಸ್ತ್ರವೈದ್ಯರು ಹುಡುಗನ ಮುಖವನ್ನು ನೋಡಿ, “ನಾನು ಇವನಿಗೆ ಶಸ್ತ್ರಚಿಕಿತ್ಸೆ ಮಾಡಲಾರೆ, ಇವನು ನನ್ನ ಮಗ” ಎಂದರು. ಇದು ಹೇಗೆ? ಬಾಸ್ಟನ್ ವಿಶ್ವವಿದ್ಯಾನಿಲಯದ ೧೯೭ ಮಂದಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ಕೇಳಿದ ಪರೀಕ್ಷೆಯ ವೃತ್ತಾಂತ ೨೦೧೪ರಲ್ಲಿ ಪ್ರಕಟವಾಯಿತು. ಶಸ್ತ್ರವೈದ್ಯರು ಆ ಹುಡುಗನ ತಾಯಿ ಎಂದು ಹೊಳೆದುದು ನೂರಕ್ಕೆ ಸುಮಾರು ೧೪ ಮಂದಿಗೆ ಮಾತ್ರ. ಇಲ್ಲಿ ‘ಅವನು’ ಎಂಬ ಶಬ್ದವೇ ಇಲ್ಲವೆಂಬುದನ್ನು ಗಮನಿಸಬೇಕು. ಶಬ್ದವನ್ನು ತೆಗೆದುಹಾಕಿದರೂ ಅದು ರೂಢಿಸಿದ ಚಿತ್ರ ಉಳಿದೇ ಇರುತ್ತದೆ. ಸ್ತ್ರೀಪುರುಷರು ಸಮಾನರೆಂದು ಪರೀಕ್ಷೆಯಲ್ಲಿ ಬರೆಯಬಲ್ಲ ವಿದ್ಯಾರ್ಥಿಗೂ ಇದು ತಪ್ಪಿದುದಲ್ಲ. ತಿಳಿವಳಿಕೆ ಬೇರೆ, ಎಚ್ಚರ ಬೇರೆ.

ಎಚ್ಚರವೆಂಬುದು ಅವಿವೇಕವಾಗಲೂ ಬಾರದು. ‘ಮ್ಯಾನೇಜರ್’ ಎಂಬುದರಲ್ಲಿ ‘ಮ್ಯಾನ್’ ಎಂಬ ಧ್ವನಿ ಕೇಳಿಸಿದ ಮಾತ್ರಕ್ಕೆ ಅದನ್ನು ದೂರಬೇಕಾಗಿಲ್ಲ. ಅದು ಕೈ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ‘ಹಿಸ್ಟರಿ’ ಎಂಬುದರ ಮೊದಲಿನ ‘ಹಿಸ್’ ಎಂಬುದಕ್ಕೂ ಗಂಡಸಿಗೂ ಸಂಬಂಧವಿಲ್ಲ. ಆ ಪದ ಗ್ರೀಕರದು. ಆದರೆ ‘ಚೇರ್‌ಮನ್’, ‘ಫೈರ್‌ಮನ್’ ಮುಂತಾದುವುಗಳ ಮಾತು ಹಾಗಲ್ಲ. ಅವುಗಳ ಬದಲಿಗೆ ‘ಚೇರ್‌ಪರ್ಸನ್’, ‘ಫೈರ್‌ಫೈಟರ್’ ಎಂಬುವು ಇಂದು ಸಹಜವಾಗಿ ನಡೆಯುತ್ತಿವೆ. ಕ್ರಿಕೆಟಿನ ನಿಯಮಗಳಲ್ಲಿ ‘ಬ್ಯಾಟ್ಸ್‌ಮನ್’ ಹೋಗಿ ‘ಬ್ಯಾಟರ್’ ಬಂದುದು ೨೦೨೧ರಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಬರವಣಿಗೆಯ ಕೈಪಿಡಿಯು, ಒಬ್ಬರಿಗೆ ‘ದೆ’ ಎನ್ನುವುದನ್ನು ೨೦೧೯ರ ಮುದ್ರಣದಲ್ಲಿ ಅನುಮೋದಿಸಿತು. ಬಹುಮಂದಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳನ್ನು ಬರೆಯುವುದು ಆ ಕೈಪಿಡಿಯನ್ನು ಅನುಸರಿಸಿಯೇ.

ಕನ್ನಡದ ಮನೆಯಿಂದ ಹೋಗಿ ಇಂಗ್ಲೀಷಿನಲ್ಲಿ ಬರೆಯುವ ಮಕ್ಕಳಿಗೆ ಇದು ಕಷ್ಟವಲ್ಲ. ಒಬ್ಬರನ್ನೇ ‘ಅವರು’ ಎಂದು ಗೌರವದಿಂದ ಕರೆಯುವುದು ನಮ್ಮ ನುಡಿಯಲ್ಲಿ ಹುಟ್ಟಿನಿಂದಲೇ ಬಂದ ಅಭ್ಯಾಸ. ಮೇಲಿನ ಒಗಟನ್ನು ಕನ್ನಡದಲ್ಲಿ ಗುಟ್ಟು ಕೆಡದಂತೆ ಹೇಳಲು ಸಾಧ್ಯವಾದುದೂ ಆ ‘ಅರು’ ಪ್ರತ್ಯಯದಿಂದಲೇ. ಆದರೂ ‘ಲೇಡಿ ಡಾಕ್ಟರ್’ ಎಂದು ಕರೆಯುವವರು ನಾವು. ಬರಿಯ ‘ಡಾಕ್ಟರ್’ ಎಂದರೆ ಗಂಡಸೆಂಬ ಭಾವನೆ ಅದರಲ್ಲಿ ಅಡಗಿಲ್ಲವೆ? ಮಗಳೋ ಮಗನೋ ಉದ್ಯೋಗಕ್ಕೆ ಅರ್ಜಿ ಬರೆಯುವಾಗ, ಓದುವ ಅಧಿಕಾರಿ ಯಾರೆಂದು ತಿಳಿಯದೆಯೇ ‘ಡಿಯರ್ ಸರ್’ ಎಂದು ತೊಡಗುವುದುಂಟು. ಪಕ್ಕದಲ್ಲಿರುವ ಹಿರಿಯರು ಆಗ ಒಂದು ಮಾತು ಕೇಳಬಹುದು: ಆ ಕುರ್ಚಿಯಲ್ಲಿ ಕುಳಿತಿರುವವರು ಹೆಂಗಸಾಗಿರಬಾರದೇಕೆ? ‘ಡಿಯರ್ ಸರ್ ಆರ್ ಮ್ಯಾಡಮ್’ ಎಂದು ಬರೆಯುವುದಕ್ಕೆ ಎರಡು ಶಬ್ದಗಳಿಗಿಂತ ಹೆಚ್ಚು ಶ್ರಮವಿಲ್ಲ. ಆ ಪ್ರಶ್ನೆಯನ್ನು ಕೇಳಿಸಿಕೊಂಡು ಬೆಳೆದ ಹುಡುಗಿಗೆ ಆ ಕುರ್ಚಿ ತನ್ನದೂ ಆಗಬಹುದೆಂದು ತೋರುವುದು. ಹುಡುಗನಿಗೆ, ಅಲ್ಲಿ ಆಕೆಯನ್ನು ಕಂಡಾಗ ಅಚ್ಚರಿಯಾಗದು.