ಚಂದದ ಕಾರು, ದುಡಿಯೋ ಟ್ರಕ್ಕು: ಅಕ್ಕನ ಇಡ್ಲಿ ಟ್ರೇಲರ್ ಎಳೆಯೋದು ಯಾವುದು?

ಈ ವಾರದ ಸಂಚಿಕೆ ಶುರುವಾಗಿದ್ದು ಒಂದು ವಾಟ್ಸಾಪ್ ವಿಡಿಯೋ ಕಾಲ್‌ನಿಂದ. ನನ್ನ ಅಕ್ಕ, ಭಾವ ಇರೋದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಭಾವ ಕಾರ್ ಹುಚ್ಚರು. ಅವರ ಆಫೀಸಿನ ಗೆಳೆಯರೊಬ್ಬರು ದಾವಣಗೆರೆಯವರು, ಅವರಿಗೆ ಎಲೆಕ್ಟ್ರಿಕ್ ಟ್ರಕ್ ಹುಚ್ಚು. ಇಬ್ಬರೂ ಸೇರಿದ್ರೆ ಊಟ ಆರಿದ್ರೂ ವಾದ ನಿಲ್ಲಲ್ಲ.

ಆವತ್ತು ವಾದ ಜೋರಾಗಿರುವಾಗ ಅಡುಗೆಮನೆಯಿಂದ ಅಕ್ಕ ಬಂದು ಒಂದೇ ಮಾತು ಕೇಳಿದಳು: "ನಿಮ್ಮ ಚಂದ ಆಮೇಲೆ ನೋಡೋಣ. ನನ್ನ ಟ್ರೇಲರ್ ಎಳೆಯೋದು ಯಾವುದು, ಅದನ್ನ ಹೇಳಿ."

ಅಕ್ಕ ವಾರಾಂತ್ಯದಲ್ಲಿ ಇಡ್ಲಿ-ದೋಸೆ ಟ್ರೇಲರ್ ನಡೆಸ್ತಾಳೆ. ಕನ್ನಡ ಸಂಘದ ಕಾರ್ಯಕ್ರಮ, ದೇವಸ್ಥಾನದ ಮೇಳ, ಮದುವೆ, ಎಲ್ಲಾ ಕಡೆ ಹೋಗ್ತಾಳೆ. ಅದನ್ನು ಎಳೀತಿದ್ದ ಹಳೇ ಪೆಟ್ರೋಲ್ ಪಿಕಪ್ ಟ್ರಕ್ ಈ ಸಲ ಕೈಕೊಟ್ಟಿತು. ಕೂಡಿಟ್ಟಿರೋ ದುಡ್ಡಲ್ಲಿ ಒಂದೇ ಗಾಡಿ ಬರುತ್ತೆ. ತಪ್ಪಾದ್ರೆ ಮುಂದಿನ ಸೀಸನ್ ಪೂರ್ತಿ ಹೋಯ್ತು. ಹಾಗಾಗಿ ಇವತ್ತು ಎರಡು ವಿಷಯ ಬಿಡಿಸಿ ನೋಡೋಣ: ಕಾರಿನ ಆಕಾರದ ಬಗ್ಗೆ ಜನ ಯಾಕೆ ಇಷ್ಟು ಜಗಳ ಆಡ್ತಾರೆ? ಮತ್ತೆ, ಎಲೆಕ್ಟ್ರಿಕ್ ಟ್ರಕ್ ನಿಜವಾಗ್ಲೂ ಕೆಲಸಕ್ಕೆ ಬರುತ್ತಾ?

ಮೊದಲು ಚಂದದ ಜಗಳ

ಭಾವನ ದೇವರು ಕಾರ್ವೆಟ್. ಜನರಲ್ ಮೋಟಾರ್ಸ್‌ನ ಶೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರ್, 1953ರಿಂದ ಇದೆ. 1963ರ ಮಾಡೆಲ್‌ನಲ್ಲಿ ಹಿಂದಿನ ಗಾಜನ್ನು ಮಧ್ಯದಲ್ಲಿ ಒಂದು ಪಟ್ಟಿ ಸೀಳಿಕೊಂಡು ಹೋಗುತ್ತೆ. ಡಿಸೈನ್ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಆ ಗೆರೆ ಬೇಕೇ ಬೇಕು. ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್‌ಗೆ ಬೇಡವೇ ಬೇಡ, ಯಾಕಂದ್ರೆ ಹಿಂದೆ ಬರೋ ಗಾಡಿ ಸರಿಯಾಗಿ ಕಾಣಲ್ಲ. 1964ಕ್ಕೆ ಎಂಜಿನಿಯರ್ ಗೆದ್ದರು, ಗಾಜು ಒಂದೇ ಆಯ್ತು. 63ರ ಕಾರ್ ಇದ್ದ ಕೆಲವರು ಆ ಪಟ್ಟಿ ಕತ್ತರಿಸಿ ಹೊಸ ಗಾಜು ಹಾಕಿಸಿಕೊಂಡರು. ಈಗ ನೋಡಿದ್ರೆ, ಸಂಗ್ರಾಹಕರು ಹೆಚ್ಚು ಬೆಲೆ ಕೊಡೋದು ಕತ್ತರಿಸದೆ ಉಳಿದಿರೋ ಆ ಸೀಳುಗಾಜಿನ ಕಾರುಗಳಿಗೇ.

ಇನ್ನೊಂದು ಉದಾಹರಣೆ ಪೋರ್ಶೆ 911. ದಶಕಗಳ ಕಾಲ ಅದರ ಹೆಡ್‌ಲೈಟ್ ದುಂಡಗೆ ಇತ್ತು. 1997ರಲ್ಲಿ ಬಂದ 996 ಮಾಡೆಲ್‌ನಲ್ಲಿ ಹೆಡ್‌ಲೈಟ್, ಇಂಡಿಕೇಟರ್ ಎರಡೂ ಕೂಡಿಕೊಂಡು, ಹಾಫ್ ಬಾಯಿಲ್ ಮೊಟ್ಟೆ ತಟ್ಟೆಯಲ್ಲಿ ಒಡೆದು ಹರಿದ ಹಾಗೆ ಕಾಣ್ತಿತ್ತು. ಅಭಿಮಾನಿಗಳು ಅದಕ್ಕೆ ಮೊಟ್ಟೆ ಅಂತಾನೇ ಹೆಸರಿಟ್ಟರು. 2004ರಲ್ಲಿ ಬಂದ 997ಕ್ಕೆ ಮತ್ತೆ ದುಂಡು ದೀಪ.

ನಾನು ಬಿಕಾಂ ಓದಿದವನು, ನನಗೆ ಕಾಣೋದು ಲೆಕ್ಕ. 90ರ ದಶಕದ ಆರಂಭದಲ್ಲಿ ಪೋರ್ಶೆ ನಷ್ಟದಲ್ಲಿತ್ತು. ಹಾಗಾಗಿ 911 ಮತ್ತು ಅಗ್ಗದ ಬಾಕ್ಸ್‌ಟರ್, ಎರಡಕ್ಕೂ ಮುಂಭಾಗದ ಎಷ್ಟೋ ಬಿಡಿಭಾಗಗಳನ್ನು ಒಂದೇ ಮಾಡಿದರು. ಒಂದು ಅಚ್ಚು, ಎರಡು ಕಾರು. ಖರ್ಚು ಉಳಿಯಿತು, ಕಂಪನಿಯೂ ಉಳಿಯಿತು. ಆದ್ರೆ ದುಬಾರಿ ಕಾರ್ ಕೊಂಡವನಿಗೆ ಅನಿಸಿದ್ದು ಬೇರೆ: "ನಾನು ಇಷ್ಟು ದುಡ್ಡು ಕೊಟ್ಟಿದ್ದು ಪಕ್ಕದವನ ಕಾರಿನ ಮುಖ ಹಾಕ್ಕೊಳ್ಳೋಕಾ?" ಅಂದ್ರೆ ಆ ಸಿಟ್ಟು ಬರೀ ದೀಪದ ಮೇಲಿನದ್ದಲ್ಲ. ತಾನು ಕೊಟ್ಟ ಬೆಲೆಗೆ ತಕ್ಕ ಬೇರೆತನ ಸಿಗಲಿಲ್ಲ ಅನ್ನೋ ಸಿಟ್ಟು.

ಈಗಿನ ಎಂಟನೇ ಪೀಳಿಗೆಯ ಕಾರ್ವೆಟ್ ಕಥೆ ಇನ್ನೂ ಮಜಾ. 2019ರಲ್ಲಿ ತೋರಿಸಿದಾಗ ಎಂಜಿನ್ ಮೂಗಿನಿಂದ ಡ್ರೈವರ್ ಬೆನ್ನ ಹಿಂದಕ್ಕೆ ಹೋಗಿತ್ತು. ಡಂಟೋವ್ ಇಂಥ ಪ್ರಯೋಗದ ಕಾರನ್ನು 1960ರಲ್ಲೇ ಕಟ್ಟಿದ್ದರು, ಅಂಗಡಿಗೆ ಬರೋಕೆ ಅರವತ್ತು ವರ್ಷ ಬೇಕಾಯ್ತು. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಾದ್ರೆ ಟೈರ್ ರಸ್ತೆಯನ್ನ ಚೆನ್ನಾಗಿ ಹಿಡಿಯುತ್ತೆ, ಕಾರು ಚಿಮ್ಮುತ್ತೆ. ಹಳೇ ಅಭಿಮಾನಿಗಳ ದೂರು ಬೇರೆ: ಉದ್ದ ಮೂಗು ಹೋಯ್ತು, ಹಿಂಭಾಗ ದಪ್ಪ ಆಯ್ತು. ಯಾಕೆ ದಪ್ಪ? ಎಂಜಿನ್ ಹಿಂದೆ ಇನ್ನೊಂದು ಡಿಕ್ಕಿ ಇದೆ. ಬಿಚ್ಚಿದ ಮೇಲ್ಛಾವಣಿ ಅದರಲ್ಲಿ ಕೂರಬೇಕು, ಎರಡು ಗಾಲ್ಫ್ ಬ್ಯಾಗ್ ಹಿಡಿಸಬೇಕು.

ನಾನು ಭಾವನಿಗೆ ಹೇಳಿದ್ದು ಇಷ್ಟೇ: "ನೋಡಿ ಭಾವ, ನಿಮ್ಮ ದೇವರ ಬೆನ್ನು ಕೂಡ ಸಾಮಾನು ಇಡೋಕೆ ಅಂತಾನೇ ಹಾಗಾಗಿದೆ." ಅವರು ನಕ್ಕರು, ಆದ್ರೆ ಒಪ್ಪಲಿಲ್ಲ. "ಸ್ಪೋರ್ಟ್ಸ್ ಕಾರಿಗೆ ಚಂದಾನೇ ಕೆಲಸ ಕಣೋ. ಮನೆ ಮುಂದೆ ನಿಲ್ಲಿಸಿ ಒಳಗೆ ಹೋಗುವಾಗ ತಿರುಗಿ ನೋಡಬೇಕು ಅನಿಸದಿದ್ರೆ ಅದು ಫೇಲ್." ಅದೂ ಒಂದು ನ್ಯಾಯವೇ.

ಟ್ರಕ್ಕಿಗೆ ಚಂದ ಬಂದಾಗ

ಈಗ ಟೆಸ್ಲಾ ಸೈಬರ್‌ಟ್ರಕ್. 2019ರ ನವೆಂಬರ್‌ನಲ್ಲಿ ವೇದಿಕೆಗೆ ಬಂದಾಗ, ಒಡೆಯಲ್ಲ ಅಂದಿದ್ದ ಗಾಜಿಗೆ ಲೋಹದ ಗುಂಡು ಎಸೆದ್ರು, ಗಾಜು ಬಿರುಕು ಬಿಟ್ಟಿತು. ಅದನ್ನ ನೀವೂ ಮೀಮ್‌ಗಳಲ್ಲಿ ನೋಡಿರ್ತೀರಿ. ಮೈ ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್. ಆ ಉಕ್ಕು ಎಷ್ಟು ಗಟ್ಟಿ ಅಂದ್ರೆ ಮಾಮೂಲಿ ಅಚ್ಚಿನಲ್ಲಿ ಒತ್ತಿ ಬಾಗಿಸೋದು ಕಷ್ಟ, ಅದಕ್ಕೇ ಆ ಚಪ್ಪಟೆ, ಚೂಪು ಆಕಾರ ಅಂತ ಟೆಸ್ಲಾ ವಾದ. ಆದ್ರೆ ಕ್ಯಾಬಿನ್‌ನಿಂದ ಹಿಂದಕ್ಕೆ ಇಳಿಯೋ ಆ ಓರೆ ಗೋಡೆಯಿಂದಾಗಿ, ಪಕ್ಕದಲ್ಲಿ ನಿಂತು ಕೈಚಾಚಿ ಸಾಮಾನು ತೆಗೆಯೋದು ಕಷ್ಟ. ಟ್ರಕ್ ಇಟ್ಟುಕೊಂಡು ದುಡಿಯೋರಿಗೆ ದಿನಕ್ಕೆ ಹತ್ತು ಸಲ ಬೇಕಾಗೋದೇ ಅದು.

ಬೆಲೆ ನೋಡಿ. ಅನಾವರಣದ ದಿನ ಹೇಳಿದ್ದು 39,900 ಡಾಲರ್‌ನಿಂದ ಶುರು ಅಂತ. 2023ರ ನವೆಂಬರ್ ಕೊನೆಗೆ ಗಾಡಿ ಗ್ರಾಹಕರ ಕೈಗೆ ಬಂದಾಗ ಪಟ್ಟಿಯಲ್ಲಿದ್ದ ಅತಿ ಕಡಿಮೆ ಬೆಲೆ 60,990 ಡಾಲರ್. 2025ರ ಮಾರ್ಚ್‌ನಲ್ಲಿ ಹೊರಮೈಯ ಒಂದು ಪಟ್ಟಿ ಕಳಚಿ ಬೀಳಬಹುದು ಅಂತ 46,096 ಟ್ರಕ್‌ಗಳನ್ನು ರೀಕಾಲ್ ಮಾಡಿದರು.

ಫೋರ್ಡ್ ಹಿಡಿದಿದ್ದು ಉಲ್ಟಾ ದಾರಿ. 2021ರ ಮೇನಲ್ಲಿ ತೋರಿಸಿದ ಎಫ್-150 ಲೈಟ್ನಿಂಗ್ ನೋಡೋಕೆ ಮಾಮೂಲಿ ಎಫ್-150ನೇ. ಎಫ್ ಸೀರೀಸ್ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗೋ ಪಿಕಪ್. "ಗಿರಾಕಿಗೆ ಗುರುತಿರೋ ಮುಖಾನೇ ಕೊಡೋಣ, ಎಂಜಿನ್ ಜಾಗದಲ್ಲಿ ದೊಡ್ಡ ಡಿಕ್ಕಿ ಇಡೋಣ" ಅನ್ನೋ ಲೆಕ್ಕ. ದಾವಣಗೆರೆ ಗೆಳೆಯರ ಸಲಹೆ ಇದೇ ಗಾಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ.

ಯೂನಿಟ್ ಲೆಕ್ಕ

ಅವರ ವಾದದಲ್ಲಿ ಒಂದು ಗಟ್ಟಿ ಅಂಶ ಇತ್ತು. ಲೈಟ್ನಿಂಗ್‌ನ ಪ್ಲಗ್ ಪಾಯಿಂಟ್‌ಗಳಿಂದ 9.6 ಕಿಲೋವ್ಯಾಟ್‌ವರೆಗೆ ಕರೆಂಟ್ ತಗೋಬಹುದು. ಅಕ್ಕನ ಟ್ರೇಲರ್‌ನಲ್ಲಿ ಒಲೆ ಗ್ಯಾಸ್‌ದು, ಆದ್ರೆ ಗ್ರೈಂಡರ್, ಫ್ರಿಜ್, ಫ್ಯಾನ್, ದೀಪ ಎಲ್ಲಾ ಕರೆಂಟ್. ಸರಾಸರಿ 3 ಕಿಲೋವ್ಯಾಟ್, ಐದು ಗಂಟೆ ಅಂದ್ರೆ 15 ಯೂನಿಟ್. ದೊಡ್ಡ ಬ್ಯಾಟರಿಯ ಲೈಟ್ನಿಂಗ್‌ನಲ್ಲಿ 131 ಯೂನಿಟ್ ಇರುತ್ತೆ. ಹೌದು, ನಿಮ್ಮ ಬೆಸ್ಕಾಂ ಬಿಲ್‌ನಲ್ಲಿ ಬರೋ ಅದೇ ಯೂನಿಟ್. ಇಡೀ ದಿನದ ವ್ಯಾಪಾರಕ್ಕೆ ಬ್ಯಾಟರಿಯ ಒಂಬತ್ತನೇ ಒಂದು ಭಾಗ ಸಾಕು. ಗಡಗಡ ಅನ್ನೋ ಜನರೇಟರ್ ಬೇಡ. ಅಕ್ಕನ ಮುಖ ಅರಳಿತು.

ಆದ್ರೆ ಎಳೆಯೋ ವಿಷಯ? ಅಲ್ಲಿ ಸಮಸ್ಯೆ. ಒಂದು ಗ್ಯಾಲನ್ ಪೆಟ್ರೋಲ್‌ನಲ್ಲಿ ಸುಮಾರು 33.7 ಯೂನಿಟ್ ಶಕ್ತಿ ಇರುತ್ತೆ. ಹಾಗೆ ನೋಡಿದ್ರೆ ಆ ದೈತ್ಯ ಬ್ಯಾಟರಿಯಲ್ಲಿ ಇರೋದು ಸುಮಾರು 15 ಲೀಟರ್ ಪೆಟ್ರೋಲ್‌ನಷ್ಟು ಶಕ್ತಿ. ಒಂದು ಬುಲೆಟ್ ಬೈಕ್ ಟ್ಯಾಂಕ್ ಅಂದ್ಕೊಳ್ಳಿ! ಅಷ್ಟರಲ್ಲೇ ಅದು ಅಧಿಕೃತವಾಗಿ 320 ಮೈಲಿ, ಅಂದ್ರೆ 515 ಕಿಲೋಮೀಟರ್ ಓಡುತ್ತೆ. ಮೋಟಾರ್ ಶಕ್ತಿಯನ್ನು ಬಹಳ ಕಡಿಮೆ ಪೋಲು ಮಾಡುತ್ತೆ. ಪೆಟ್ರೋಲ್ ಎಂಜಿನ್ ಬಹುಪಾಲನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತೆ.

ಈಗ ಹಿಂದೆ ಒಂದು ಡಬ್ಬದಂಥ ಟ್ರೇಲರ್ ಕಟ್ಟಿ. ಹೆದ್ದಾರಿಯಲ್ಲಿ ದೊಡ್ಡ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 40 ಕಿಲೋಮೀಟರ್ ವೇಗದಲ್ಲಿ ಇರೋ ತಡೆಗಿಂತ 110ರಲ್ಲಿ ಸುಮಾರು ಏಳೂವರೆ ಪಟ್ಟು. ಅಗಲವಾದ ಚಪ್ಪಟೆ ಎದೆಯ ಟ್ರೇಲರ್ ಎಳೆದ್ರೆ ರೇಂಜ್ ಹೆಚ್ಚುಕಮ್ಮಿ ಅರ್ಧ ಆಗುತ್ತೆ ಅನ್ನೋದು ಪತ್ರಕರ್ತರು ಮಾಡಿದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನ್ಯಾಯವಾಗಿ ಹೇಳಬೇಕಂದ್ರೆ ಪೆಟ್ರೋಲ್ ಟ್ರಕ್‌ನ ಮೈಲೇಜ್ ಕೂಡ ಹಾಗೇ ಬೀಳುತ್ತೆ. ಆದ್ರೆ ಅದಕ್ಕೆ 36 ಗ್ಯಾಲನ್ ಟ್ಯಾಂಕ್ ಸಿಗುತ್ತೆ, ಗ್ಯಾಲನ್‌ಗೆ 10 ಮೈಲಿ ಅಂತ ಹಿಡಿದ್ರೂ 360 ಮೈಲಿ. ಮುಗಿದ್ರೆ ಬಂಕ್‌ನಲ್ಲಿ ಐದು ನಿಮಿಷ.

ಡೆಟ್ರಾಯಿಟ್‌ನಿಂದ ಶಿಕಾಗೋಗೆ ಸುಮಾರು 280 ಮೈಲಿ. ಟ್ರೇಲರ್ ಕಟ್ಟಿದ ಲೈಟ್ನಿಂಗ್‌ಗೆ ಪೂರ್ತಿ ಚಾರ್ಜ್‌ನಲ್ಲಿ 160 ಮೈಲಿ ಅಂತ ಇಟ್ಕೊಳ್ಳಿ. 10 ಪರ್ಸೆಂಟ್ ಉಳಿಸಿಕೊಂಡು ನಿಂತರೆ 144. ಫಾಸ್ಟ್ ಚಾರ್ಜರ್‌ನಲ್ಲಿ 80 ಪರ್ಸೆಂಟ್‌ವರೆಗೆ ತುಂಬಿಸಿದ್ರೆ ಇನ್ನೊಂದು 112. ಒಟ್ಟು 256. ಅಂದ್ರೆ ಎರಡು ಸಲ ನಿಲ್ಲಬೇಕು, ಮೊದಲನೇ ಸಲವೇ ನಲವತ್ತು ನಿಮಿಷ ಹೋಗುತ್ತೆ. ಅದಕ್ಕಿಂತ ಕಿರಿಕಿರಿ ಬೇರೆ ಇದೆ. ಅಲ್ಲಿನ ಎಷ್ಟೋ ಚಾರ್ಜಿಂಗ್ ಜಾಗಗಳು ಕಾರು ಪಾರ್ಕ್ ಮಾಡೋ ಗೂಡಿನ ಹಾಗಿವೆ. ಟ್ರೇಲರ್ ಬಿಚ್ಚಿ ಒಂದು ಕಡೆ ನಿಲ್ಲಿಸಿ, ಚಾರ್ಜ್ ಮಾಡಿ, ಮತ್ತೆ ಕಟ್ಟಬೇಕು. ಹಿಟ್ಟು ಹುಳಿ ಬರೋಕೆ ಕಾಯಲ್ಲ ಸ್ವಾಮಿ.

ಚಳಿಗಾಲದ ಕಥೆ ಬೇರೆ. ಮಿಷಿಗನ್ ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನ ಆಗುತ್ತೆ. ಕ್ಯಾಬಿನ್ ಬೆಚ್ಚಗಿಡೋಕೂ ಅದೇ ಬ್ಯಾಟರಿ ಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಪೋಲಾಗೋ ಬಿಸಿಯೇ ಹೀಟರ್‌ಗೆ ಬಿಟ್ಟಿ ಸಿಗುತ್ತೆ.

ಅಕ್ಕನ ಡೈರಿ

ನಾನು ಅಕ್ಕನ ಬುಕಿಂಗ್ ಡೈರಿಯ ಫೋಟೋ ತರಿಸಿಕೊಂಡು ಒಂದು ಎಕ್ಸೆಲ್ ಶೀಟ್ ಮಾಡಿದೆ. ಕಳೆದ ವರ್ಷ 31 ಟ್ರಿಪ್. ಅದರಲ್ಲಿ 26 ಟ್ರಿಪ್ ಹೋಗಿ ಬರೋದು ಸೇರಿ 120 ಕಿಲೋಮೀಟರ್ ಒಳಗೆ. ಎಲೆಕ್ಟ್ರಿಕ್ ಟ್ರಕ್‌ಗೆ ಚಳಿಗಾಲದಲ್ಲೂ ಇದು ಸಲೀಸು, ರಾತ್ರಿ ಮನೆಯಲ್ಲೇ ಚಾರ್ಜ್. ನಾನು ಖುಷಿಯಿಂದ ಹೇಳಿದೆ: "ಅಕ್ಕ, ಐದೇ ದೂರದ ಟ್ರಿಪ್. ಅವಕ್ಕೆ ಬಾಡಿಗೆ ಟ್ರಕ್ ತಗೋ."

ಅವಳು ಶೀಟ್ ನೋಡಿ, "ಲೋ, ನೀನು ಟ್ರಿಪ್ ಎಣಿಸಿದ್ದೀಯ, ದುಡ್ಡು ಎಣಿಸಿಲ್ಲ" ಅಂದಳು. ಶಿಕಾಗೋ, ಕೊಲಂಬಸ್ ಕಡೆಯ ಯುಗಾದಿ, ರಾಜ್ಯೋತ್ಸವದ ಆ ಐದು ಟ್ರಿಪ್‌ಗಳೇ ವರ್ಷದ ಆದಾಯದ ಹತ್ತಿರತ್ತಿರ ಮೂರನೇ ಒಂದು ಭಾಗ ತರ್ತಿದ್ವು. ಅಂಥ ದಿನಗಳಲ್ಲೇ ಬಾಡಿಗೆ ಗಾಡಿ ಸಿಗದೇ ಹೋದ್ರೆ? ಬಿಕಾಂ ಮಾಡಿದವನು ನಾನು, ಲೆಕ್ಕ ಗೊತ್ತಿದ್ದದ್ದು ಅವಳಿಗೆ.

ಕೊನೆಗೆ ಸಿಕ್ಕಿದ್ದು ಮಧ್ಯದ ದಾರಿ. 2021ರ ಮಾಡೆಲ್‌ನಿಂದ ಎಫ್-150ನಲ್ಲಿ ಪವರ್‌ಬೂಸ್ಟ್ ಅಂತ ಹೈಬ್ರಿಡ್ ಇದೆ. ಪೆಟ್ರೋಲ್ ಎಂಜಿನ್, ಜೊತೆಗೆ ಚಿಕ್ಕ ಬ್ಯಾಟರಿ. ಆಯ್ಕೆ ಮಾಡಿಕೊಂಡ್ರೆ 7.2 ಕಿಲೋವ್ಯಾಟ್ ಪ್ಲಗ್ ಪಾಯಿಂಟ್ ಬರುತ್ತೆ. ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಆನ್ ಆಗಿ ಕರೆಂಟ್ ಮಾಡುತ್ತೆ. ಗ್ರೈಂಡರ್ ತಿರುಗುತ್ತೆ, ಶಿಕಾಗೋನೂ ಮುಟ್ಟುತ್ತೆ. ಅಕ್ಕ ಅದನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಳು. ದಾವಣಗೆರೆ ಗೆಳೆಯರು ಇನ್ನೂ ಬೇಜಾರಲ್ಲಿದ್ದಾರೆ: "ಐದು ಟ್ರಿಪ್‌ಗೋಸ್ಕರ 26 ಟ್ರಿಪ್ ಪೆಟ್ರೋಲ್ ಸುಡ್ತೀರಲ್ಲ ಮೇಡಂ." ಅವರ ಮಾತು ಸುಳ್ಳಲ್ಲ. ಆ ಖರ್ಚು, ಆ ಹೊಗೆ ಎರಡೂ ನಿಜ.

ಫೋರ್ಡ್ ಕಂಪನಿಯೂ ಬಹುಶಃ ಇದೇ ಲೆಕ್ಕಕ್ಕೆ ಬಂದಿದೆ. 2025ರ ಡಿಸೆಂಬರ್‌ನಲ್ಲಿ ಪೂರ್ಣ ಎಲೆಕ್ಟ್ರಿಕ್ ಲೈಟ್ನಿಂಗ್ ನಿಲ್ಲಿಸ್ತೀವಿ ಅಂತ ಘೋಷಿಸಿತು. ಮುಂದಿನ ಲೈಟ್ನಿಂಗ್‌ನಲ್ಲಿ ಚಕ್ರ ತಿರುಗಿಸೋದು ಮೋಟಾರೇ, ಆದ್ರೆ ಬ್ಯಾಟರಿ ತುಂಬಿಸೋಕೆ ಒಂದು ಪೆಟ್ರೋಲ್ ಜನರೇಟರ್ ಒಳಗೇ ಇರುತ್ತೆ. ಒಟ್ಟು 700 ಮೈಲಿಗೂ ಹೆಚ್ಚು ಓಡುತ್ತೆ ಅಂತ ಕಂಪನಿ ಅಂದಾಜು.

ನಮ್ಮೂರಿಗೆ ಇದೇ ಉತ್ತರನಾ?

ಅಲ್ಲ. ಅದಕ್ಕೇ ಈ ಲೆಕ್ಕ ಬಿಡಿಸಿ ಹೇಳಿದ್ದು. 2022ರಲ್ಲಿ ಬಂದ ಟಾಟಾ ಏಸ್ ಎಲೆಕ್ಟ್ರಿಕ್‌ನಲ್ಲಿ ಇದ್ದದ್ದು 21.3 ಯೂನಿಟ್ ಬ್ಯಾಟರಿ, ಕಂಪನಿ ಹೇಳೋ ರೇಂಜ್ 154 ಕಿಲೋಮೀಟರ್. ಕಾಗದದ ಮೇಲೆ ಲೈಟ್ನಿಂಗ್ ಮುಂದೆ ಆಟಿಕೆ. ಆದ್ರೆ ಬೆಂಗಳೂರಲ್ಲಿ ಹಾಲು, ತರಕಾರಿ, ಪಾರ್ಸೆಲ್ ಹಾಕೋ ಗಾಡಿಗೆ ರೂಟ್ ಗೊತ್ತಿರುತ್ತೆ, ಸಂಜೆ ಅದೇ ಜಾಗಕ್ಕೆ ವಾಪಸ್, ಟ್ರಾಫಿಕ್‌ನಲ್ಲಿ ವೇಗ ಕಡಿಮೆ, ಗಾಳಿಯ ತಡೆ ಲೆಕ್ಕಕ್ಕೇ ಇಲ್ಲ. ಬ್ರೇಕ್ ಹಾಕಿದಾಗ ಸ್ವಲ್ಪ ಶಕ್ತಿ ವಾಪಸ್ ಬ್ಯಾಟರಿಗೂ ಹೋಗುತ್ತೆ. ಮಿಷಿಗನ್ ಹೆದ್ದಾರಿಯಲ್ಲಿ ಸೋಲೋ ತಂತ್ರಜ್ಞಾನ ಯಶವಂತಪುರದಲ್ಲಿ ಗೆಲ್ಲಬಹುದು.

ನಿಮ್ಮ ಮನೆಯಲ್ಲೂ ಗಾಡಿ ತಗೊಳ್ಳೋ ಮಾತು ನಡೀತಿದ್ರೆ ಯೂಟ್ಯೂಬ್ ರಿವ್ಯೂ ನೋಡೋಕೆ ಮೊದಲು ಒಂದು ಹಾಳೆ ತಗೊಳ್ಳಿ. ಕಳೆದ ವರ್ಷ ಎಲ್ಲೆಲ್ಲಿ ಹೋದ್ರಿ, ಎಷ್ಟು ಭಾರ ಹಾಕಿದ್ರಿ, ಯಾವ ಟ್ರಿಪ್ ದುಡ್ಡು ತಂತು, ಬರೀರಿ. ಟ್ರಿಪ್ ಜೊತೆ ದುಡ್ಡೂ ಎಣಿಸಿ, ನನ್ನ ಹಾಗೆ ಮರೀಬೇಡಿ.

ಮತ್ತೆ ಭಾವ? ಹೊಸ ಟ್ರಕ್ ಮನೆಗೆ ಬಂದ ದಿನ ಫೋನ್ ಮಾಡಿದ್ದರು. "ನೋಡೋಕೆ ಫ್ರಿಜ್ ಥರ ಇದೆ ಕಣೋ" ಅಂದ್ರು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಮೆಸೇಜ್ ಮಾಡಿದಳು: "ಮೂರು ಸಲ ತಿರುಗಿ ನೋಡಿದ್ರು."

ಮುಂದಿನ ವಾರ ಸಿಗೋಣ. ನಮಸ್ಕಾರ.