ಹರವಿಯ ತಂಪು, ಲಾರಿಯ ಬಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಣ ಬೇಸಗೆಯಲ್ಲಿ ಮಣ್ಣಿನ ಹರವಿಯ ನೀರು ತಂಪಾಗಿರುವುದನ್ನು ನಾವೆಲ್ಲ ಬಲ್ಲೆವು. ಹೊರಮೈಗೆ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಹೆಚ್ಚು ಬಲ ಬೇಕಾದ ಪಂದ್ಯದ ಡೀಸೆಲ್ ಲಾರಿಗಳಿಗೂ ಇದೇ ತತ್ತ್ವ ನೆರವಾಗಬಲ್ಲುದು.

ಟರ್ಬೋಚಾರ್ಜರು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. 40 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯ ಒತ್ತಡವನ್ನು ಹೀಗೆ ಇಮ್ಮಡಿಸಿದರೆ ಉಷ್ಣತೆ 100 ಡಿಗ್ರಿಯನ್ನು ಮೀರುವುದು. ಕಾದ ಗಾಳಿ ಹಿಗ್ಗುವುದರಿಂದ ಎಂಜಿನ್ನಿಗೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಗಾಳಿ ಟರ್ಬೋಚಾರ್ಜರನ್ನು ಹೊಗುವ ಮೊದಲೇ ಅದಕ್ಕೆ ನೀರು ಸಿಂಪಡಿಸಿದರೆ, ಒತ್ತುವ ಶ್ರಮವೂ ಇಳಿಯುತ್ತದೆ. 1 ಕಿಲೋಗ್ರಾಂ ಗಾಳಿಯಲ್ಲಿ 10 ಗ್ರಾಂ ನೀರು ಪೂರ್ತಿ ಆವಿಯಾದರೆ ಉಷ್ಣತೆ ಸುಮಾರು 24 ಡಿಗ್ರಿ ತಗ್ಗುವುದು.

ಆದರೆ ನೀರು ಮಂಜಿನಷ್ಟು ನವುರಾಗಿರಬೇಕು. ಹನಿ ದಪ್ಪವಾದರೆ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಚಕ್ರದ ಅಲಗುಗಳನ್ನು ಅದು ಕೊರೆದು ಸವೆಸುತ್ತದೆ. ಸರಕು ಸಾಗಿಸುವ ಲಾರಿಗಾದರೋ ಇಂಟರ್‌ಕೂಲರಿನ ತಂಪೇ ಸಾಕು.