ಬಸ್ಸು ಬಿಟ್ಟಿ, ಆದರೂ ರೈಲೇ ಬೇಕೆಂದ ಅಜ್ಜಿ

ಬೀರೂರು ಜಂಕ್ಷನ್ನಿಗೆ ಹಬ್ಬ ಬಂತೋ ಇಲ್ಲವೋ ಎಂದು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಆಯುಧಪೂಜೆಯ ದಿನ ಬರುವ ಗಾಡಿಯ ಮುಖ ನೋಡಿದರೆ ಸಾಕು. ಎಂಜಿನ್ನಿನ ಎರಡೂ ಪಕ್ಕ ಬಾಳೆಕಂದು, ನಡುವೆ ಚೆಂಡುಹೂವಿನ ಹಾರ, ಹಣೆಗೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಅಂಗೈಯಗಲ ಕುಂಕುಮ. ದಿನವೂ ಕೂಗಾಡಿಕೊಂಡು ಬರುವ ಕಬ್ಬಿಣದ ದೈತ್ಯ ಅಂದು ಮಾತ್ರ ಮದುವೆ ಗಂಡಿನ ಹಾಗೆ ಗಂಭೀರವಾಗಿ ಪ್ಲಾಟ್‌ಫಾರಂಗೆ ಬರುತ್ತದೆ.

2025ರ ಅಕ್ಟೋಬರ್ 1. ಮೈಸೂರಿನಲ್ಲಿ ಆ ವರ್ಷ ಹತ್ತಲ್ಲ, ಹನ್ನೊಂದು ದಿನದ ದಸರಾ. ಸೆಪ್ಟೆಂಬರ್ 22ಕ್ಕೆ ಶುರುವಾಗಿದ್ದು ಮರುದಿನ ಜಂಬೂಸವಾರಿಯೊಂದಿಗೆ ಮುಗಿಯುವುದಿತ್ತು. ನಮ್ಮ ಮೂರು ಊರುಗಳ ಜನ ದಸರಾಕ್ಕೆ ಹೇಗೆ ಹೋಗುತ್ತಾರೆ ನೋಡೋಣವೆಂದು ಈ ವರದಿಗಾರನೂ ಒಂದು ಸಾದಾ ಟಿಕೆಟ್ ಕೊಂಡು ಜನರಲ್ ಬೋಗಿಗೆ ನುಗ್ಗಿದ. ತಾಳಗುಪ್ಪ ಕಡೆಯಿಂದ ಬರುವ ಗಾಡಿಗಳಲ್ಲಿ ಒಂದಕ್ಕೆ 2022ರಲ್ಲಿ ಕುವೆಂಪು ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಜನಕ್ಕೆ ಮಾತ್ರ ಎಲ್ಲವೂ ‘ಮೈಸೂರು ಗಾಡಿ’ಯೇ.

ತರೀಕೆರೆಯಲ್ಲಿ ಹತ್ತಿದವರು ಆಗಲೇ ಕಿಟಕಿ ಪಕ್ಕ ಹಿಡಿದು ಕೂತಿದ್ದರು. ಬೀರೂರಿನವರಿಗೆ ಸಿಕ್ಕಿದ್ದು ನಡುವಿನ ಜಾಗ. ಕಡೂರಿನವರಿಗೆ ಬಾಗಿಲು. ಈ ನ್ಯಾಯ ಬಹಳ ವರ್ಷಗಳಿಂದ ನಡೆದು ಬಂದಿದೆ, ಯಾರೂ ತಕರಾರು ಮಾಡುವುದಿಲ್ಲ.

ಅಲ್ಲೇ ಆ ಸಂಸಾರ ಸಿಕ್ಕಿತು. ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯ ಒಂದು ಹಳ್ಳಿಯವರು. ಅಜ್ಜಿ, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ. ಬೆಳಗಿನ ಜಾವ ಎದ್ದು ಟಿಲ್ಲರಿಗೆ ಪೂಜೆ ಮಾಡಿ, ಕುಂಬಳಕಾಯಿ ಒಡೆದು, ಬುತ್ತಿ ಕಟ್ಟಿಕೊಂಡು ಹೊರಟಿದ್ದರು. ಮಗನ ಮುಖದಲ್ಲಿ ಮಾತ್ರ ಹಬ್ಬದ ಕಳೆ ಅಷ್ಟಾಗಿ ಇರಲಿಲ್ಲ.

“ನೀವೇ ಲೆಕ್ಕ ಹಾಕಿ ಸಾರ್” ಅಂದ. “ಈ ಸಲ ಈರುಳ್ಳಿ ಕೈ ಕಚ್ಚಿದೆ. ಬಸ್ಸಲ್ಲಿ ಹೋದ್ರೆ ಹೆಂಗಸರಿಗೆ ದುಡ್ಡಿಲ್ಲ. ನಮ್ಮವ್ವ, ಇವಳು, ಮಗಳು, ಮೂರೂ ಫ್ರೀ. ಈ ಚಿಕ್ಕೋನಿಗೆ ಟಿಕೇಟೇ ಇಲ್ಲ. ಒಟ್ಟು ನಂದೊಂದೇ ಟಿಕೆಟ್. ರೈಲಿಗೆ ಮೂರೂವರೆ!”

ಲೆಕ್ಕ ಸರಿಯೇ. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ. ರೈಲಿನಲ್ಲಿ ಐದು ವರ್ಷದೊಳಗಿನ ಕೂಸಿಗೆ ಮಾತ್ರ ಬಿಟ್ಟಿ. ಹನ್ನೆರಡರೊಳಗಿನವರಿಗೆ ಜನರಲ್ ಬೋಗಿಯಲ್ಲಿ ಅರ್ಧ ಟಿಕೆಟ್. ಹೀಗಾಗಿ ಆ ಮನೆಯಲ್ಲಿ ಮೂರು ದಿನ ಚರ್ಚೆ ನಡೆದಿತ್ತಂತೆ. ಮೊಮ್ಮಗಳಿಗೆ ರೈಲು ಬೇಕು, ಅದು ಆಸೆ. ಅಜ್ಜಿಗೂ ರೈಲೇ ಬೇಕು, ಅದು ಅಗತ್ಯ.

“ಬಸ್ಸಲ್ಲಿ ನಡುವೆ ನಿಲ್ಸಪ್ಪ ಅಂತ ಎಷ್ಟು ಸಲ ಕೇಳೋದು ಕಣಪ್ಪ? ನಲವತ್ತು ಜನದ ಮುಂದೆ ಮಾನ ಹೋಗ್ತದೆ. ವಯಸ್ಸಾದ ಜೀವ, ಸಕ್ಕರೆ ಕಾಯಿಲೆ ಬೇರೆ. ರೈಲಲ್ಲಾದ್ರೆ ಯಾರನ್ನೂ ಕೇಳಂಗಿಲ್ಲ, ಎದ್ದು ಹೋಗಿ ಬರ್ತೀನಿ” ಅಂದರು ಅಜ್ಜಿ, ಸೊಸೆಯ ಕಡೆ ತಿರುಗಿ ಮೆಲ್ಲಗೆ. ನಮಗೂ ಕೇಳಿಸಿತು, ಬೋಗಿಗೆಲ್ಲ ಕೇಳಿಸಿತು. ಎದುರಿಗೆ ಕೂತಿದ್ದ ತರೀಕೆರೆಯ ಇಬ್ಬರು ಹೆಂಗಸರು “ನಿಜ ಕಣಮ್ಮ” ಎಂದು ತಲೆಯಾಡಿಸಿ, ಸರಿದು ಕೂತು, ಅಜ್ಜಿಗೆ ಕಿಟಕಿ ಬಿಟ್ಟುಕೊಟ್ಟರು.

ಇನ್ನೊಂದು ವಿಷಯವೂ ಇತ್ತು. ಅಜ್ಜಿಯ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಇನ್ನೊಂದು ಬಾಕಿ. ಅರಮನೆ ದೀಪ ನೋಡಬೇಕೆಂದು ಮದುವೆಯಾದಾಗಿನಿಂದ ಆಸೆ. ಒಂದು ವರ್ಷ ಬರ, ಒಂದು ವರ್ಷ ಬಾಣಂತನ, ಒಂದು ವರ್ಷ ಯಜಮಾನರ ಕಾಯಿಲೆ. ಹೀಗೇ ಮುಂದೆ ಹೋಗುತ್ತಾ ಬಂದಿತ್ತು. ಈ ಸಲ ಹೋಗದಿದ್ದರೆ ಇನ್ನಿಲ್ಲ ಎಂದು ಹಟ ಹಿಡಿದರಂತೆ.

ಗಾಡಿ ಅರಸೀಕೆರೆ, ಹಾಸನ ದಾಟಿತು. ಹೊಳೆನರಸೀಪುರದ ಹತ್ತಿರ ಹೇಮಾವತಿ, ಮುಂದೆ ಸಾಗರಕಟ್ಟೆಯಲ್ಲಿ ಕನ್ನಂಬಾಡಿಯ ಹಿನ್ನೀರು. ಸೇತುವೆ ಬಂದಾಗಲೆಲ್ಲ ಮಕ್ಕಳು “ಹೋ!” ಎಂದು ಕೂಗುತ್ತಿದ್ದವು. ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ಅಕ್ಕಪಕ್ಕದವರಿಗೂ ಒಂದೊಂದು ತುತ್ತು. ಕಡೂರಿನಿಂದ ಬಾಗಿಲಲ್ಲಿ ನಿಂತು ಬಂದ ಹುಡುಗರು ಹಾಸನದ ಹೊತ್ತಿಗೆ ಒಳಗೆ ಬಂದು ಕೋಡುಬಳೆ ತಿನ್ನುತ್ತಿದ್ದರು. ಅವರಲ್ಲೊಬ್ಬ ಬಿಡದಿಯ ವಂಡರ್‌ಲಾ ಬಗ್ಗೆ ವರ್ಣಿಸಿದ. 2005ರಲ್ಲಿ ಶುರುವಾದ ಆ ಮನರಂಜನಾ ಪಾರ್ಕಿಗೆ ಕಾಲೇಜಿನ ಗೆಳೆಯರೊಂದಿಗೆ ಹೋಗಿದ್ದನಂತೆ. “ಅಲ್ಲಿಗೆ ಒಬ್ಬನ ಟಿಕೆಟ್ಟಿಗೆ ಕೊಟ್ಟ ದುಡ್ಡಲ್ಲಿ ಇಲ್ಲಿ ಇಡೀ ಮನೆಯೇ ಹೋಗಿ ಬರಬಹುದು” ಎಂದು ಅವನೇ ನಕ್ಕ.

ಹಬ್ಬ, ದೀಪ, ರೈಲು, ಈ ಮೂರನ್ನು ಕೂಡಿಸುವ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿಗೆ ರೈಲೆಂದರೆ ಪ್ರಾಣ. 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನದಿಂದಲೇ ಉದ್ಯಾನದ ಸುತ್ತ ರೈಲು ಓಡಿಸಿದ. ಕ್ರಿಸ್‌ಮಸ್ ಬಂತೆಂದರೆ ಅಂಥ ಕಡೆಗಳಲ್ಲೆಲ್ಲ ಬಣ್ಣದ ದೀಪ, ತೋರಣ. ನಮ್ಮಲ್ಲಿ ಬೆಂಗಳೂರು ಕಬ್ಬನ್ ಪಾರ್ಕಿನ ಪುಟಾಣಿ ರೈಲಿಗೆ ಅಳದ ಮಕ್ಕಳುಂಟೇ!

ಅದಿರಲಿ, ನಮ್ಮ ತರೀಕೆರೆಗೇ ಒಂದು ಪುಟ್ಟ ರೈಲಿತ್ತು ಎಂದರೆ ಇವತ್ತಿನ ಮಕ್ಕಳು ನಂಬುವುದಿಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡಡಿ ಅಗಲದ ಹಳಿ ಮೇಲೆ ಅದು ಕಾಡಿನ ನಡುವೆ ಓಡುತ್ತಿತ್ತು. ಅಜ್ಜಿಯ ತವರು ಲಕ್ಕವಳ್ಳಿ ಕಡೆ. “ನಮ್ಮಪ್ಪ ಹೇಳ್ತಿದ್ದ, ತರೀಕೆರೆ ಸಂತೆಗೆ ಹೋದಾಗ ಆಟದ ಸಾಮಾನಿನಂಥ ರೈಲು ನೋಡಿದ್ನಂತೆ” ಅಂದರು. ಮೊಮ್ಮಗಳು ಕಣ್ಣರಳಿಸಿ ಕೇಳಿದಳು: “ಈಗೆಲ್ಲಿದೆ ಅಜ್ಜಿ ಅದು?” ಹಳಿ ಹೋಗಿ ದಶಕಗಳೇ ಆದವು. ಅಜ್ಜಿ ಉತ್ತರ ಹೇಳದೆ ಕಿಟಕಿ ಆಚೆ ನೋಡಿದರು.

ಮಗುವಿಗೆ ಉತ್ತರ ಮೈಸೂರಿನಲ್ಲಿ ಸಿಕ್ಕಿತು. ನಿಲ್ದಾಣದ ಹತ್ತಿರವೇ 1979ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯವಿದೆ. ಹಳೆಯ ಉಗಿ ಎಂಜಿನ್ನುಗಳ ನಡುವೆ ಮಕ್ಕಳಿಗಾಗಿ ಪುಟಾಣಿ ರೈಲು. ಅಣ್ಣಂದಿರು ತಳ್ಳಾಡುತ್ತಿದ್ದ ಸಾಲಿನಲ್ಲಿ ನಿಂತು ಅಕ್ಕ ತಮ್ಮ ಇಬ್ಬರೂ ಹತ್ತಿದರು. ಚಿಕ್ಕವನು ಇಳಿಯಲು ಒಪ್ಪದೆ ಇನ್ನೊಂದು ಸುತ್ತು. ಅಪ್ಪ ಜೇಬು ಮುಟ್ಟಿ ನೋಡಿಕೊಂಡ, ಆದರೆ ಬೇಡ ಅನ್ನಲಿಲ್ಲ.

ಅಲ್ಲಿಯೇ ಮಹಾರಾಣಿಯವರ ಸಲೂನ್ ಬೋಗಿಯೂ ಇದೆ, 1899ರದು. ನಮ್ಮ ಬೀರೂರು ಶಿವಮೊಗ್ಗ ದಾರಿಗೆ ರೈಲು ಬಂದದ್ದೂ ಅದೇ ವರ್ಷ. ಬೋಗಿಯೊಳಗೆ ಅಡುಗೆಗೆ ಜಾಗ, ಊಟಕ್ಕೆ ಜಾಗ, ಜೊತೆಗೆ ರಾಜಮರ್ಯಾದೆಯ ಶೌಚಾಲಯ. ವಿಷಯ ತಿಳಿದದ್ದೇ ಅಜ್ಜಿ ಮಗನ ತೋಳು ತಿವಿದರು. “ನೋಡ್ದೇನೋ? ಮಹಾರಾಣಿಗೂ ಇದೇ ಬೇಕಾಗಿತ್ತು. ನಾನು ಕೇಳಿದ್ರೆ ಹಟ ಅಂತೀಯ!” ಮಗ ಆ ದಿನ ಮೊದಲ ಸಲ ಬಾಯಿತುಂಬ ನಕ್ಕ.

ಸಂಜೆಗೆ ಊರೆಲ್ಲ ಬೆಳಕು. ಚಾಮುಂಡೇಶ್ವರಿ ವಿದ್ಯುತ್ ನಿಗಮದವರು ನೂರು ಕಿಲೋಮೀಟರಿಗೂ ಮೇಲ್ಪಟ್ಟು ರಸ್ತೆಗೆ ದೀಪ ಕಟ್ಟಿದ್ದರು. ಬಣ್ಣದ ಕಮಾನಿನ ಕೆಳಗೆ ಜನವೋ ಜನ. ಆ ನೂಕುನುಗ್ಗಲಿನಲ್ಲಿ ಅಜ್ಜಿಯನ್ನು ಒಳಗೆ ಕರೆದೊಯ್ಯುವುದು ಆಗದ ಮಾತು. ಕೋಟೆ ಆಂಜನೇಯನ ಗುಡಿಯ ಹತ್ತಿರ ಒಂದು ಕಟ್ಟೆ ಸಿಕ್ಕಿತು, ಕೂರಿಸಿದರು. ಮೊಮ್ಮಗಳು ಕೈ ಹಿಡಿದುಕೊಂಡು ಕೂತಳು.

ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ 1912ರ ಹೊತ್ತಿಗೆ ಕಟ್ಟಿ ಮುಗಿಸಿದ ಅರಮನೆ ಇದು. ಮೈತುಂಬ ಸುಮಾರು ಒಂದು ಲಕ್ಷ ಬಲ್ಬು. ಒಂದೊಂದಾಗಿ ಹತ್ತುವುದಿಲ್ಲ, ಒಟ್ಟಿಗೇ. ಕತ್ತಲಲ್ಲಿ ಗೋಪುರ ಎಲ್ಲಿದೆ ಎಂದು ಹುಡುಕುತ್ತಿದ್ದ ಹಾಗೆಯೇ ಝಗ್ಗನೆ ಇಡೀ ಅರಮನೆ ಎದ್ದು ನಿಂತಿತು. ಸಾವಿರಾರು ಜನ ಒಂದೇ ದನಿಯಲ್ಲಿ “ಓ” ಅಂದರು.

ಅಜ್ಜಿ ಆಪರೇಷನ್ ಆದ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. ಆಮೇಲೆ ಕೈ ಬದಲಿಸಿ ಇನ್ನೊಂದನ್ನು ಮುಚ್ಚಿ ನೋಡಿದರು. “ಇದರಲ್ಲಿ ಬರೀ ಬೆಂಕಿ ಥರ ಕಾಣ್ತದೆ. ಇದರಲ್ಲಿ ಅರಮನೆ ಕಾಣ್ತದೆ” ಎಂದು ಮೊಮ್ಮಗಳಿಗೆ ವಿವರಿಸಿದರು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಹುಬ್ಬಳ್ಳಿ ಕಡೆಯ ರಾತ್ರಿ ಗಾಡಿಯಲ್ಲಿ ವಾಪಸು. ಬೀರೂರಿನಲ್ಲಿ ಇಳಿದಾಗ ನಡುರಾತ್ರಿ ಮೀರಿತ್ತು. ಹಳ್ಳಿಗೆ ಹೋಗಲು ಆ ಹೊತ್ತಿನಲ್ಲಿ ಅವರಿಗೆ ಏನೂ ಸಿಗಲಿಲ್ಲ. ಮಗ ಬೆಂಚಿನ ಮೇಲೆ ಟವೆಲ್ ಹಾಸಿ ಅವ್ವನನ್ನು ಮಲಗಿಸಿದ. ಮಕ್ಕಳು ತಾಯಿಯ ಮಡಿಲಲ್ಲಿ. ದಸರಾದ ನಾಲ್ಕಾರು ರಾತ್ರಿಯಾದರೂ ನಮ್ಮ ಊರಿನ ಸಂಘಸಂಸ್ಥೆಯವರು, ಆಟೋ ಸ್ಟ್ಯಾಂಡಿನವರು ಸೇರಿ ಇಂಥವರನ್ನು ಮನೆ ಮುಟ್ಟಿಸುವ ಏರ್ಪಾಟು ಮಾಡಿದರೆ ಪುಣ್ಯ ಬಂದೀತು. ತರೀಕೆರೆ, ಕಡೂರು, ಅಜ್ಜಂಪುರ ಮೂರೂ ಕಡೆ ಗಣೇಶನಿಗೆ ಚಂದಾ ಎತ್ತುವ ಹುಡುಗರಿಗೆ ಇದು ದೊಡ್ಡ ಕೆಲಸವಲ್ಲ.

ಹೊರಡುವ ಮುಂಚೆ ಮಗನನ್ನು ಕೇಳಿದೆವು: “ಮೂರೂವರೆ ಟಿಕೆಟ್ಟು ನಷ್ಟವಾಯ್ತೇನಪ್ಪ?”

ಅವನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲಿಂದ ದನಿ ಬಂತು. ಅಜ್ಜಿಗೆ ನಿದ್ದೆ ಬಂದಿರಲಿಲ್ಲ.

“ದೀಪಾವಳಿ ಕಳೀಲಿ, ಇನ್ನೊಂದು ಕಣ್ಣೂ ಮಾಡಿಸ್ತಾನೆ. ಮುಂದಿನ ವರ್ಷ ಎರಡರಲ್ಲೂ ನೋಡ್ತೀನಿ. ರೈಲಲ್ಲೇ.”